ಸುಳ್ಳು ಹೇಳದ ಮಷೀನು

ಕಾಕು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಕಣ್ಣು ಒರೆಸಿಕೊಂಡು, ಚಹಾ ಕುಡಿದು, ಕಪ್ಪುಬಸಿ ಕೆಳಗಿಟ್ಟಾದ ಮೇಲೆ ಒಂದೇ ಮಾತು ಕೇಳಿದರು. ‘ಆ ದೊಡ್ಡ ಟ್ಯಾಬ್ ಎಲ್ಲೈತ್ರಿ?’

ಅದು ಪಡಸಾಲೆಯ ಗೂಡಿನಲ್ಲಿ, ವಿಭೂತಿ ಬಟ್ಟಲಿನ ಪಕ್ಕ, ಖಣದ ತುಂಡೊಂದನ್ನು ಹೊದ್ದು ಗೋಡೆಗೆ ಒರಗಿ ನಿಂತಿತ್ತು. ಹೋಳಿಗೆ ಮಣೆಯಷ್ಟು ಅಗಲ. ಅದನ್ನು ಮಾಡುವ ಕಂಪನಿಯ ಟ್ಯಾಬುಗಳಲ್ಲೇ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ತುಟ್ಟಿಯದು. ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆಗೇ ಪಾಟಿ ಕೆಳಗಿಟ್ಟ, ಬಿಳೂರಿನ ಕಿರಾಣಿ ಅಂಗಡಿಯ ಮನೆಗೆ ಸೊಸೆಯಾಗಿ ಬಂದು ಅಲ್ಲೇ ಹಣ್ಣಾದ ಹೆಂಗಸು ಅದನ್ನೇ ಹಟ ಹಿಡಿದು ಯಾಕೆ ತರಿಸಿಕೊಂಡರು ಎಂಬುದಕ್ಕೆ ನಮ್ಮ ಓಣಿಯಲ್ಲಿ ಮನೆಗೊಂದು ಕಥೆಯಿದೆ. ಪುಣೆಯಲ್ಲಿರುವ ಮೊಮ್ಮಗನ ಮುಖ ದೊಡ್ಡದಾಗಿ ಕಾಣಲಿ ಎಂದು, ಅನ್ನುತ್ತದೆ ಒಂದು ಮನೆ. ಧಾರಾವಾಹಿ ನೋಡಲು, ಅನ್ನುತ್ತದೆ ಅದರ ಎದುರುಮನೆ. ಬರೀ ಜಂಬಕ್ಕೆ ಎನ್ನುವವರೂ ಇದ್ದಾರೆ. ಅವರು ಕಾಕುವಿನ ತವರಿನವರು.

ನನ್ನ ಬಳಿಯೂ ಒಂದು ಕಥೆಯಿದೆ. ಅದೇ ನಿಜ ಎಂದು ಆಣೆ ಮಾಡಲಾರೆ. ಸತ್ತವರ ವಿಷಯದಲ್ಲಿ ನೆನಪು ಅತಿ ಸಜ್ಜನಿಕೆಯಿಂದ ನಡೆದುಕೊಳ್ಳುತ್ತದೆ. ಅವರಿಗೆ ಒಳ್ಳೆಯ ಸೀರೆ ಉಡಿಸಿ, ಆಡಿದ ಬಿರುಸು ಮಾತನ್ನೆಲ್ಲ ಒರೆಸಿ ಕೂರಿಸುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಕಾಕು ಬೈಯುತ್ತಿದ್ದರು. ನನ್ನ ಜಡೆಯನ್ನು ಬೈದರು, ನನ್ನ ಸಾರನ್ನು ಬೈದರು. ಕಾಕು ಅಂದರೆ ಚಿಕ್ಕಮ್ಮ, ಆದರೆ ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ, ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಗೋಡೆ. ಆದರೆ ಅವರು ಊರಿಗೆಲ್ಲ ಕಾಕು, ಗೋಡೆಗೂ ಕಾಕು.

ಅವರ ಕೈಗೆ ಏನು ಕೊಟ್ಟರೂ ಮೊದಲು ತಿರುವಿ ಬೆನ್ನು ನೋಡುತ್ತಿದ್ದರು. ಸೀರೆಯಾದರೆ ಒಳಮೈ, ತಾಟಾದರೆ ತಳ, ಲಗ್ನಪತ್ರಿಕೆಯಾದರೆ ಹಿಂದಿನ ಖಾಲಿ ಜಾಗ. ‘ಮುಂದಿನದು ಎಲ್ಲಾರೂ ಚಲೋನ ಮಾಡಿರತಾರ’ ಎನ್ನುತ್ತಿದ್ದರು. ಸೋವಿ ಸಾಮಾನು ಕಂಡರೆ ಆಗುತ್ತಿರಲಿಲ್ಲ. ಜಿಪುಣತನಕ್ಕೆ ಹೆಸರಾದ ಮನೆಯ ಸೊಸೆ, ಎಣ್ಣೆ ಹನಿಯಿಂದ ಅಳೆದು ಹಾಕುವವರು, ಆದರೂ ಬಕೆಟ್ ಕೊಳ್ಳುವಾಗ ಅಂಗಡಿಯಲ್ಲಿರುವ ಎಲ್ಲಕ್ಕಿಂತ ಗಟ್ಟಿಯದನ್ನೇ ಕೇಳುತ್ತಿದ್ದರು. ಕಾರಣ ಕೇಳಿದರೆ ಹೇಳುತ್ತಿದ್ದದ್ದು ಹೀಗೆ: ‘ಸೋವಿ ಸಾಮಾನ ಮಾಡಾವ್ರು ನಮಗ ಕಣ್ಣ ಇಲ್ಲ ಅಂತ ತಿಳ್ಕೊಂಡಿರತಾರವ್ವ. ನಾವರೆ ಯಾಕ ಹೌದ ಅನ್ನೂಣು?’

ಈ ಮಾತನ್ನು ಅವರು ಒಂದೇ ಸಲ ಹೇಳಿದ್ದೋ, ಹಲವು ಸಲವೋ? ನನಗೆ ಈಗ ಅದು ಸದಾ ಹೇಳುತ್ತಿದ್ದ ಮಾತಿನ ಹಾಗೆ ಕೇಳಿಸುತ್ತದೆ. ಇರಲಿ.

ಕಾಕುವಿನ ಹೆಸರು ನಿಂತಿದ್ದದ್ದು ಬಸ್ತಾದ ಮೇಲೆ. ಬಸ್ತಾ ಅಂದರೆ ನಮ್ಮ ಕಡೆ ಮದುವೆಯ ಅರಿವೆ ಖರೀದಿ. ಎರಡೂ ಮನೆಯವರು ಕ್ರೂಜರ್ ಗಾಡಿಗಳಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಜತ್ತಕ್ಕೋ ವಿಜಯಪುರಕ್ಕೋ ಹೋಗಿ, ಅಂಗಡಿಯ ಬಿಳಿ ಗಾದಿಯ ಮೇಲೆ ಕೂತರೆ ಸಂಜೆಯವರೆಗೆ ಏಳುವುದಿಲ್ಲ. ಅಂಗಡಿಯವನು ಸೀರೆ ಬಿಚ್ಚಿ ಬಿಚ್ಚಿ ಹಾಸುತ್ತಾನೆ. ‘ನೀವ ಹೇಳ್ರಿ’ ಎನ್ನುತ್ತಾಳೆ ಒಬ್ಬ ಬೀಗತಿ. ‘ಅಯ್ಯ, ನಮ್ಮದೇನೈತ್ರಿ, ನೀವ ಹೇಳ್ರಿ’ ಎನ್ನುತ್ತಾಳೆ ಇನ್ನೊಬ್ಬಳು. ಯಾರೂ ಹೇಳುವುದಿಲ್ಲ, ಎಲ್ಲರೂ ಮುನಿಸಿಕೊಳ್ಳುತ್ತಾರೆ. ಇಷ್ಟೆಲ್ಲದರ ನಡುವೆ ಆ ಸೀರೆ ಉಡಬೇಕಾದ ಹುಡುಗಿ ಮಾತ್ರ ಬಾಯಿ ತೆರೆಯುವ ಹಾಗಿಲ್ಲ. ಸೀರೆ ಕೊಡಿಸುವುದು ಗಂಡಿನ ಮನೆಯವರು. ಇದು ಬೇಕು ಎಂದರೆ ಅವಳು ಬಾಯಿಬಡಕಿ, ಬೇಡ ಎಂದರೆ ಸೊಕ್ಕಿನವಳು. ಕೇಳಿದರೆ ‘ನೀವು ಹೇಳಿದ್ದ ಚಲೋರಿ’ ಎಂದು, ಹೆಗಲ ಮೇಲೆ ಎಲ್ಲರ ಸೆರಗನ್ನೂ ಹಾಕಿಸಿಕೊಂಡು ಗೊಂಬೆಯ ಹಾಗೆ ಕೂರಬೇಕು.

ಕಾಕು ಗಾದಿಯ ಮೇಲೆ ಕೂರುತ್ತಿರಲಿಲ್ಲ. ಅಂಗಡಿಯವನಿಂದ ಕುರ್ಚಿ ತರಿಸಿ, ಹುಡುಗಿಗೆ ಎದುರಾಗಿ ಹಾಕಿಸಿ, ಎಲೆ ಅಡಿಕೆ ಮೆಲ್ಲುತ್ತ ಸುಮ್ಮನೆ ಕೂರುತ್ತಿದ್ದರು. ಬೀಗತಿಯರ ಮಾತು ಮುಗಿಯುವ ಲಕ್ಷಣ ಕಾಣದಿದ್ದಾಗ ಕೈ ಎತ್ತಿ ‘ಇದು’ ಎನ್ನುತ್ತಿದ್ದರು. ಅಷ್ಟೇ. ಅಂಗಡಿಯವನು ಉಳಿದವನ್ನು ಮಡಚತೊಡಗುತ್ತಿದ್ದ. ಲಿಂಗಾಯತರ ಮದುವೆ, ಕುರುಬರ ಮದುವೆ ಎಂಬ ಭೇದವಿರಲಿಲ್ಲ. ಕಾಕುವಿಗೆ ಬಣ್ಣದ ಕಣ್ಣಿದೆ ಎಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ನಂಬಿಕೆ.

ನನ್ನ ಸೀರೆಯನ್ನು ಆರಿಸಿದ್ದೂ ಅವರೇ. ನನ್ನದು ಊರೊಳಗಿನ ಸಂಬಂಧ, ಎರಡೂ ಕಡೆಗೆ ಅವರೊಬ್ಬರೇ ಕಾಕು. ಸೀರೆ ಮಾವಿನಹಣ್ಣಿನ ಬಣ್ಣದ್ದು ಎಂದು ನನ್ನ ನೆನಪು. ಅರಿಷಿಣದ ಬಣ್ಣ ಎನ್ನುತ್ತಾಳೆ ನನ್ನ ಅವ್ವ. ಟ್ರಂಕಿನಿಂದ ತೆಗೆದು ನೋಡಿದರೆ ಜಗಳ ಮುಗಿಯುತ್ತದೆ. ಅದಕ್ಕೇ ಇಬ್ಬರೂ ತೆಗೆದಿಲ್ಲ.

ಆಮೇಲೆ ಅವರ ಮೊಣಕಾಲು ಕೈಕೊಟ್ಟವು. ಕ್ರೂಜರ್ ಹತ್ತುವುದಾಗಲಿ ಅಂಗಡಿಯ ಮೆಟ್ಟಿಲೇರುವುದಾಗಲಿ ಆಗದ ಮಾತಾಯಿತು. ಅವರ ಭಾವನ ಮಗ ಮಲ್ಲು ಜತ್ತದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಅವನೇ ಒಂದು ಸಣ್ಣ ಟ್ಯಾಬು ತಂದುಕೊಟ್ಟು, ‘ಕಾಕು, ನೀವು ಮನ್ಯಾಗ ಕುಂದರ್ರಿ. ನಾ ಅಂಗಡ್ಯಾಗಿಂದ ವಿಡಿಯೋ ಕಾಲ್ ಮಾಡ್ತೀನಿ. ಇಲ್ಲಿಂದನ ಆರಸ್ರಿ’ ಎಂದ. ಸೋವಿಯದು. ಕಾಕು ತಿರುವಿ ಬೆನ್ನು ನೋಡಿದರು, ಮೂಗು ಮುರಿದರು, ಆದರೆ ಪ್ರೀತಿಯಿಂದ ತಂದದ್ದು ಎಂದು ಇಟ್ಟುಕೊಂಡರು.

ಅದರಲ್ಲಿ ಆದ ಮೊದಲ ಬಸ್ತಾ ಮಲ್ಲುವಿನ ತಂಗಿ ಸವಿತಾಳದು.

ಆವತ್ತು ಅಂಗಡಿಯಲ್ಲಿ ಸವಿತಾಳ ಹೆಗಲ ಮೇಲೆ ಗಿಳಿಹಸಿರು ಸೀರೆ ಹಾಕಿದಾಗ ಅವಳ ಮುಖದಲ್ಲಿ ಒಂದು ನಗೆ ಮಿಂಚಿತು. ಅದೇ ಗಳಿಗೆಗೆ ಸರಿಯಾಗಿ ಟ್ಯಾಬು ಬಿಸಿಯಾಗಿ ಸಿಕ್ಕಿಕೊಂಡಿತು. ದನಿ ಬರುತ್ತಿತ್ತು, ಚಿತ್ರ ನಿಂತಿತ್ತು. ಅಲ್ಲಿ ಹಸಿರು ಸೀರೆ ತೆಗೆದು ಮಂಕು ಕೆಂಪಿನ ಇಟ್ಟಂಗಿ ಬಣ್ಣದ್ದನ್ನು ಹಾಕಿದ್ದರು. ಇಲ್ಲಿ ಹಸಿರೂ ನಗೆಯೂ ಹಾಗೇ ಇದ್ದವು. ‘ಕಾಕು, ಹ್ಯಾಂಗ್ರಿ?’ ಎಂದು ಕೇಳಿದರು. ಕಾಕು ತಮ್ಮ ರೂಢಿಯಂತೆ ‘ಇದು’ ಎಂದರು. ಅಂಗಡಿಯವನು ಉಳಿದವನ್ನು ಮಡಚಿದ.

ಸವಿತಾ ಇಟ್ಟಂಗಿ ಬಣ್ಣದ ಸೀರೆಯಲ್ಲಿ ಮದುವೆಯಾದಳು. ಅಲ್ಬಮ್ಮಿನ ಫೋಟೋಗಳಲ್ಲೆಲ್ಲ ಯಾರೋ ಆಗತಾನೆ ಕಷಾಯ ಕುಡಿಸಿದ ಹಾಗಿದ್ದಾಳೆ. ಮೊದಲ ಸಲ ತವರಿಗೆ ಬಂದಾಗ ಕಾಕುವಿನ ಪಡಸಾಲೆಯಲ್ಲಿ ಕೂತು, ನಗುನಗುತ್ತಲೇ ಕೇಳಿದಳು. ‘ಬ್ಯಾರೇದವ್ರ ಮಾತು ಬಿಡ್ರಿ. ನಿಮಗೂ ನನ್ನ ಮಾರಿ ಕಾಣಲಿಲ್ಲೇನ್ರಿ ಕಾಕು?’

ನಾನು ಗೋಡೆಯ ಈಚೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದೆ. ಮರುದಿನ ಹೋದಾಗ ಆ ಸಣ್ಣ ಟ್ಯಾಬು ಮೊಸರಿನ ಗಡಿಗೆಯ ಮುಚ್ಚಳವಾಗಿತ್ತು.

ಆ ಮದುವೆಯ ನಂತರ ಊರವರು ಕಾಕುವಿನ ಬಗ್ಗೆ ವಿಪರೀತ ಕಾಳಜಿ ತೋರತೊಡಗಿದರು. ‘ಪಾಪ, ಅವ್ರಿಗೆ ಯಾಕ ತ್ರಾಸ ಕೊಡೂದು’ ಎಂದು ಒಂದು ಬಸ್ತಾ ಅವರಿಲ್ಲದೆ ನಡೆಯಿತು. ‘ಮಲಗಿರತಾರ’ ಎಂದು ಇನ್ನೊಂದು. ಕಾಕು ಮಲಗಿರಲಿಲ್ಲ. ಹೊಸಿಲ ಬಳಿ ಕೂತು, ಬಾಗಿಲ ಮುಂದೆ ಹಾದುಹೋಗುವ ಕ್ರೂಜರ್‌ಗಳನ್ನು ಎಣ್ಣೆಗಾಣದ ಎತ್ತಿನ ಮುಖ ಮಾಡಿಕೊಂಡು ನೋಡುತ್ತಿದ್ದರು. ಅವರ ಕುರ್ಚಿ ಹೋಗಿತ್ತು. ಅದು ಬರೀ ಕುರ್ಚಿಯಲ್ಲ ಎಂದು ನನಗೆ ಆಗಿನ್ನೂ ಗೊತ್ತಿರಲಿಲ್ಲ.

ಒಂದು ದಿನ ಮಲ್ಲುವನ್ನು ಕರೆಸಿದರು. ‘ದೊಡ್ಡದೊಂದು ತರಸು. ಇರೂದ್ರಾಗ ಚಲೋದು.’

‘ಕಾಕು, ಅದು ಟ್ಯಾಬಿನ ತಪ್ಪಲ್ಲರಿ, ನೆಟವರ್ಕಿಂದು.’

‘ನಿನ್ನ ಮೊಬೈಲಿನ್ಯಾಗ ಇದ ಪಡಸಾಲ್ಯಾಗ ಕುಂತ ಕ್ರಿಕೆಟ್ ನೋಡ್ತಿಯಲ್ಲ, ಅದಕ್ಕ ನೆಟವರ್ಕ ಎಲ್ಲಿಂದ ಬರತೈತಿ? ಬಿಜಾಪುರದಿಂದ ಕೊಡದಾಗ ತುಂಬಿಸ್ಕೊಂಡ ಬರ್ತೀ ಏನ?’

ಮಲ್ಲು ಪರಿಚಯದ ಅಂಗಡಿಯಿಂದ ಎರಡು ಹೊಸ ಟ್ಯಾಬು ತಂದು ಕಾಕುವಿನ ಮುಂದಿಟ್ಟ. ಒಂದು ನಡುವಣ ದರದ್ದು. ಇನ್ನೊಂದು ಆ ಹೋಳಿಗೆ ಮಣೆ. ಕಾಕು ಎರಡರ ಬೆನ್ನೂ ನೋಡಿದರು. ಆಮೇಲೆ ನನ್ನನ್ನು ಗೋಡೆಯಾಚೆಯಿಂದ ಕೂಗಿ ಕರೆದು, ವಿಡಿಯೋ ಕಾಲ್ ಹಚ್ಚಿದ ಮಲ್ಲುವಿನ ಮೊಬೈಲ್ ಕೈಗೆ ಕೊಟ್ಟು, ಹಿತ್ತಲಿಗೆ ಕಳಿಸಿದರು.

‘ಅಲ್ಲಿ ನಿಂತ ಮಾರಿ ಸೊಟ್ಟ ಮಾಡು ತಂಗಿ.’

‘ಏನ್ರಿ ಕಾಕು?’

‘ಕಿವಿ ಇಲ್ಲೇನು? ಬ್ಯಾಡಾದದ್ದು ತಾಟಿಗೆ ಬಿದ್ರ ಹ್ಯಾಂಗ ಮಾಡ್ತಿ, ಹಂಗ ಮಾಡು.’

ಬೇವಿನ ಗಿಡದ ಕೆಳಗೆ ನಿಂತು ನಾನು ಮೊಬೈಲಿಗೆ ಮುಖ ಕಿವಿಚಿದೆ. ಕಟ್ಟಿದ್ದ ಎಮ್ಮೆ ಮೇವು ಬಿಟ್ಟು ನನ್ನನ್ನೇ ನೋಡಿತು. ‘ಈಗ ಒಲ್ಲದ ಮನಸಿಲೆ ಹೂಂ ಅಂದಂಗ ಮಾಡು’ ಎಂದು ಒಳಗಿನಿಂದ ಆಜ್ಞೆ ಬಂತು. ಮಾಡಿದೆ. ‘ಈಗ ನಗು.’ ನಕ್ಕೆ. ಮೊದಲು ಮೊಸರ ಗಡಿಗೆಯಿಂದ ಇಳಿದ ಸೋವಿಯದರಲ್ಲಿ, ಆಮೇಲೆ ನಡುವಣದರಲ್ಲಿ, ಕೊನೆಗೆ ದೊಡ್ಡದರಲ್ಲಿ. ಪ್ರತಿಯೊಂದಕ್ಕೂ ಅದೇ ಮುಖಗಳನ್ನು ಮತ್ತೆ ಮಾಡಬೇಕಾಯಿತು. ಪಕ್ಕದ ಹಟ್ಟಿಯ ಹೆಂಗಸರು ಗೋಡೆಯ ಮೇಲೆ ಗದ್ದ ಇಟ್ಟುಕೊಂಡು ನೋಡುತ್ತಿದ್ದರು. ಈ ಭಾಗವನ್ನು ಮಾತ್ರ ನನ್ನ ನೆನಪು ಎಷ್ಟು ತಿದ್ದಿದರೂ ಚೆಂದ ಮಾಡಲಾರದು.

‘ಸೋವೀದ್ರಾಗ ನೀ ಅಳಾಕತ್ತೀಯೋ ನಗಾಕತ್ತೀಯೋ ತಿಳಿಯವಲ್ದು’ ಎಂದರು ಕಾಕು, ನಾನು ಒಳಗೆ ಬಂದಾಗ. ‘ನಡುವಿನದ್ರಾಗ ನಗಾಕತ್ತಿದ್ದಿ. ದೊಡ್ಡದ್ರಾಗ ನೋಡಿದ್ರ ಸುಳ್ಳ ನಗಾಕತ್ತಿದ್ದಿ. ಇದ ಇರಲಿ ಮಲ್ಲು.’

‘ಕಾಕು, ವಯಸ್ಸಾದವ್ರಿಗೆ ನಡುವಿಂದ ಸಾಕ್ರಿ. ದೊಡ್ಡದ್ರಾಗ ಇರೂದ್ರಾಗ ಅರ್ಧಾ ನಿಮಗ ಬೇಕಾಗಂಗಿಲ್ಲ.’

‘ಬಾಕಿ ಅರ್ಧಾ ಅದರ ಪಾಡಿಗೆ ಅದು ಇರಲಿ, ನಾ ಏನ ಅದಕ್ಕ ಕೂಳ ಹಾಕಬೇಕೇನ? ನನ್ನ ಕಣ್ಣ ಸಣ್ಣ ಆದಂಗ ಪರದೆ ದೊಡ್ಡದ ಆಗಬೇಕಿಲ್ಲೋ?’

ತಮ್ಮ ಪಾಲಿನ ದಾಳಿಂಬೆ ತೋಟದಿಂದ ಬಂದ ಸ್ವಂತ ದುಡ್ಡು ಅವರ ಬಳಿ ಇತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಮಲ್ಲು ಹೋದ ಮೇಲೆ ನಾನು ಕೇಳಿದೆ. ‘ಸೀರಿ ಆರಸಾಕ ನನ್ನ ಮಾರಿ ಯಾಕ ಬೇಕಾತ್ರಿ ಕಾಕು?’

ಅವರು ಅಡಿಕೆ ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ. ‘ಸೀರಿ ಎಲ್ಲಾರೂ ನೋಡತಾರ. ಹುಡುಗಿ ಮಾರಿ ಯಾರ ನೋಡತಾರ? ಅಕಿಗೆ ಬಾಯಿಲ್ಲ. ಕಣ್ಣ ಇರತಾವ. ಯಾವ ಸೀರಿ ಕಡೆ ಮೂರ್ನಾಕ ಸಲ ಹೋಗಿ ಬರತಾವ ನೋಡೂದು, ಇದು ಅನ್ನೂದು. ಬಣ್ಣದ್ದ ನನಗೇನ ಗೊತ್ತೈತಿ? ನನ್ನ ಬಸ್ತಾದಾಗ ನನಗ ಕೊಟ್ಟ ಸೀರಿ ಇಂದಿಗೂ ನನಗ ಸೇರಂಗಿಲ್ಲ.’

ನಾನು ಮನೆಗೆ ಹೋಗಿ ಬಹಳ ಹೊತ್ತು ನನ್ನ ಬಸ್ತಾದ ದಿನವನ್ನು ನೆನೆದೆ. ಆ ಮಾವಿನ ಬಣ್ಣ ನನಗೆ ಬೇಕೆಂದು ನಾನು ಯಾರಿಗೂ ಹೇಳಿರಲಿಲ್ಲ. ಎದುರಿಗೆ ಕುರ್ಚಿಯಲ್ಲಿ ಎಲೆ ಮೆಲ್ಲುತ್ತ ಕೂತಿದ್ದ ಹೆಂಗಸು ನನ್ನನ್ನು ನೋಡುತ್ತಿದ್ದಾರೆ ಅಂತಲೂ ಅನಿಸಿರಲಿಲ್ಲ.

ದೊಡ್ಡ ಟ್ಯಾಬು ಬಂದ ಮೇಲೆ ಸಂಜೆ ಹೊತ್ತು ಕಾಕುವಿನ ಪಡಸಾಲೆ ತುಂಬತೊಡಗಿತು. ಓಣಿಯ ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು, ಆದರೂ ಬರುತ್ತಿದ್ದರು. ‘ಮೊಬೈಲ್ ಒಬ್ಬರ ಸಾಮಾನು’ ಎನ್ನುತ್ತಿದ್ದರು ಕಾಕು. ‘ಇದು ಕೂಡಿ ಉಣ್ಣೂ ದೊಡ್ಡ ಪರಾತ ಇದ್ದಂಗ. ಸುತ್ತ ಕುಂದ್ರಬೇಕು.’ ಪ್ರವಚನ ನೋಡಿದರು, ಅವರಿವರ ಮದುವೆ ನೋಡಿದರು, ಸವಿತಾಳ ಅಲ್ಬಮ್ಮನ್ನೂ ನೋಡಿ, ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ತವರಿಗೆ ಬಂದಿದ್ದ ಸವಿತಾ. ಕಾಕು ನಗಲಿಲ್ಲ. ಬಸ್ತಾಕ್ಕೆ ಮಾತ್ರ ಇನ್ನೂ ಯಾರೂ ಕರೆದಿರಲಿಲ್ಲ.

ಕರೆದವಳು ಹಿತ್ತಲ ಗೋಡೆಯಾಚೆಯ ಹಟ್ಟಿಯವಳು, ಕುರಿ ಸಾಕುವ ಮನೆಯ ರೂಪಾಳ ತಾಯಿ. ‘ಬೀಗರು ಕರಜಗಿಯವ್ರು, ಭಾಳ ಮಂದಿ ಅದಾರ. ಬೀಗತಿ ಅಂತೂ ಬಾಯಿ ತಗದ್ರ ನಮ್ಮ ನಾಯಿನೂ ಸುಮ್ಮ ಆಗತೈತ್ರಿ. ನಮ್ಮ ಹುಡುಗಿ ಕಡಿಂದ ಒಂದ ಮಾತ ಆಡಾವ್ರು ಯಾರೂ ಇಲ್ಲ. ನೀವ ಕುಂದ್ರಬೇಕ್ರಿ ಕಾಕು.’

ಕಾಕು ಆವತ್ತು ಬೆಳಿಗ್ಗೆಯೇ ಸ್ನಾನ, ಪೂಜೆ ಮುಗಿಸಿ, ತಮ್ಮ ಒಳ್ಳೆಯ ಇಳಕಲ್ ಸೀರೆ ಉಟ್ಟು, ಕಂಬಕ್ಕೆ ಟ್ಯಾಬು ಒರಗಿಸಿ, ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಪಕ್ಕದಲ್ಲಿ ನೆಲದ ಮೇಲೆ. ವಿಜಯಪುರದ ಅಂಗಡಿಯಿಂದ ಮಲ್ಲುವಿನ ಮೊಬೈಲ್ ನಮಗೆ ಬಿಳಿ ಗಾದಿಯನ್ನೂ ರೂಪಾಳನ್ನೂ ತೋರಿಸಿತು. ಗಂಡನ ಮನೆಯ ಹೊಸಿಲು ದಾಟುವಾಗ ಉಡುವ ಸೀರೆಯ ಸರದಿ. ಬೀಗತಿಗೆ ಗುಲಾಬಿ ಬೇಕಿತ್ತು. ಗುಲಾಬಿಯ ಮೇಲೆ ಗುಲಾಬಿ ಬಂದು ರೂಪಾಳ ಹೆಗಲ ಮೇಲೆ ಬಿದ್ದವು.

ನಾನು ಸೀರೆ ನೋಡುತ್ತಿದ್ದೆ. ಆಮೇಲೆ ಎಚ್ಚರವಾಗಿ ರೂಪಾಳ ಮುಖ ನೋಡಿದೆ. ಅದು ತೊಳೆದಿಟ್ಟ ತಾಟಿನ ಹಾಗಿತ್ತು, ಏನೂ ಇರಲಿಲ್ಲ. ಆದರೆ ಆ ದೊಡ್ಡ ಪರದೆಯಲ್ಲಿ ಅವಳ ಕಣ್ಣಿನ ಗುಡ್ಡೆ ಕೂಡ ಕಾಣುತ್ತಿತ್ತು, ಅದು ಒಂದೇ ಕಡೆ ಹೋಗಿ ಬರುತ್ತಿತ್ತು.

‘ಮಲ್ಲು’ ಎಂದರು ಕಾಕು. ‘ಅಕಿ ಎಡಗೈ ಕಡೆ ಒಂದ ಸೀರಿ ಥಪ್ಪಿ ಐತಲ್ಲ, ಅದರ ಕೆಳಗ ಕೆಂಪ ದಡಿದೊಂದು ಇಣಕಿ ಹಾಕೈತಿ. ತಗಸು.’

ಅಂಗಡಿಯವನು ಎಳೆದ. ಕುರಿಯುಣ್ಣೆಯ ಕಂಬಳಿಯಷ್ಟು ಕಪ್ಪು ಒಡಲು, ಕೆಂಪು ದಡಿ. ರೂಪಾಳ ಹೆಗಲ ಮೇಲೆ ಬಿದ್ದದ್ದೇ ತೊಳೆದಿಟ್ಟ ತಾಟಿನ ಮೇಲೆ ಯಾರೋ ದೀಪ ಇಟ್ಟ ಹಾಗಾಯಿತು.

‘ಅಯ್ಯ ಶಿವನ! ಕರಿ ಸೀರಿ!’ ಬೀಗತಿ ಸೆರಗು ಎಳೆದು ತೊಡೆಯ ಮೇಲೆ ಹಾಕಿಕೊಂಡಳು. ‘ಕರಿ ಉಟ್ಕೊಂಡ ನಮ್ಮ ಹೊಸಿಲ ದಾಟತಾಳೇನ್ರಿ?’

‘ನಮ್ಮಲ್ಲಿ ಕರಿ ಕಂಬಳಿ ಮ್ಯಾಲ ಕುಂತನ ಮದವಿ ಆಗೂದು’ ಎಂದಳು ರೂಪಾಳ ತಾಯಿ, ಸಣ್ಣ ದನಿಯಲ್ಲಿ.

‘ಕಂಬಳಿ ಕೆಳಗ ಹಾಸಾಕ ಐತಿ ಬೀಗತಿ, ಮೈಗೆ ಸುತ್ಕೊಳ್ಳಾಕಲ್ಲ.’

ರೂಪಾಳ ಮುಖದ ದೀಪ ಆರುವುದರಲ್ಲಿತ್ತು. ಕಾಕು ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು.

‘ಕರಿ? ಯಾವದ್ರಿ ಕರಿ? ನನಗ ಇಲ್ಲಿ ನೀಲಿ ಕಾಣಾಕತ್ತೈತಿ.’

ನಾನು ಪರದೆಯನ್ನು ನೋಡಿದೆ. ಕಪ್ಪು. ಒಲೆಯ ಮಸಿಯಂಥ ಕಪ್ಪು.

‘ಕಾಕು, ನನ್ನ ತೊಡಿ ಮ್ಯಾಲ ಐತ್ರಿ ಸೀರಿ! ಕರೀನ ಐತಿ!’

‘ಅಂಗಡಿ ಲೈಟಿನ್ಯಾಗ ಹಂಗ ಕಾಣತೈತ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ಮ ಕಣ್ಣಿಂದೇನ ತಪ್ಪಲ್ಲ. ಇದರಾಗ ಇದ್ದದ್ದ ಬಣ್ಣ ಇದ್ದಂಗನ ಬರತೈತಿ. ಇದೇನ ಸೋವಿ ಟ್ಯಾಬ್ ಅಂತ ತಿಳದೀರೇನು? ಕಿಮ್ಮತ್ತ ಎಷ್ಟ ಅಂತ ಮಲ್ಲೂನ್ನ ಕೇಳ್ರಿ.’

ಮಲ್ಲು ಬೀಗತಿಯ ಕಿವಿಯಲ್ಲಿ ಹೇಳಿದನೆಂದು ಕಾಣುತ್ತದೆ. ಬೀಗತಿ ಸೆರಗನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು, ಕಣ್ಣು ಕಿರಿದು ಮಾಡಿದಳು, ಮಗ್ಗುಲಾಗಿ ಹಿಡಿದಳು.

‘ಹೌದ್ ನೋಡ... ಒಂದೀಟ ನೀಲಿ ಹೊಡೀತೈತಿ.’

‘ನೀಲೀನ ಐತ್ರಿ ಅಕ್ಕಾರ, ನಾ ಮದಲಿಂದ ಅದನ್ನ ಹೇಳಾಕತ್ತೀನಿ’ ಎಂದ ಅಂಗಡಿಯವನು. ಅವನು ಅಲ್ಲಿಯವರೆಗೆ ಏನೂ ಹೇಳಿರಲಿಲ್ಲ.

ಈ ಸಲ ಕಾಕು ಬರೀ ‘ಇದು’ ಎನ್ನಲಿಲ್ಲ. ‘ಕೆಂಪ ದಡಿ ನೀಲಿ ಸೀರಿ. ಈಗ ಬೀಗತೇರ ಕೈಯಾಗಿಂದು. ತಗೊಂಡ ರೂಪಾನ ಹೆಗಲ ಮ್ಯಾಲ ಹಾಕ್ರಿ, ನಾ ನೋಡಬೇಕು’ ಎಂದರು. ಹಾಕಿದರು. ಅವರು ನೋಡಿದರು. ಆಮೇಲೆ ಕಾಲ್ ಬಂದ್ ಮಾಡಿದರು.

‘ಕಾಕು, ಅದು ಕರೀನ ಇತ್ತಲ್ಲರಿ’ ಎಂದೆ.

‘ಸುಮ್ಮ ಕುಂದ್ರು. ಮಷೀನ್ ಖರೇನ ತೋರಿಸ್ತು. ಸುಳ್ಳ ಹೇಳಿದಾಕಿ ನಾನು.’ ಟ್ಯಾಬಿನ ಮುಖವನ್ನು ಸೆರಗಿನಿಂದ ಒರೆಸಿದರು. ‘ಸೋವೀದ ಇದ್ದಿದ್ರ ಈ ಸುಳ್ಳ ನಡೀತಿತ್ತೇನ?’

ಅಲ್ಲಿಂದ ಮುಂದೆ ಅವರ ಕುರ್ಚಿ ಖಾಲಿ ಇರಲಿಲ್ಲ. ಬಾಲಗಾಂವದಿಂದ ಕೂಡ ಹೇಳಿಕಳಿಸುತ್ತಿದ್ದರು. ಅದ್ಯಾವುದನ್ನೂ ಬರೆಯುವುದಿಲ್ಲ, ಬರೆದರೆ ನೆನಪು ಮತ್ತೆ ಸಜ್ಜನಿಕೆ ಶುರು ಮಾಡುತ್ತದೆ.

ಮಾತಾಡಿಸಲು ಬಂದವರಲ್ಲಿ ರೂಪಾಳೂ ಇದ್ದಳು, ಅತ್ತೆಯೊಂದಿಗೆ. ಅದೇ ಸೀರೆ ಉಟ್ಟಿದ್ದಳು. ಚಹಾ ಮುಗಿಸಿದ ಕರಜಗಿಯ ಬೀಗತಿ ಸೊಸೆಯ ಸೆರಗನ್ನು ಹೆಮ್ಮೆಯಿಂದ ಎಳೆದು ಎಲ್ಲರಿಗೂ ತೋರಿಸಿದಳು. ‘ಈ ನೀಲಿ ಆರಿಸಿದ್ದು ಕಾಕೂನ ನೋಡ್ರಿ. ನಾವೆಲ್ಲಾ ಕರಿ ಅಂತ ಬಿಡಾವ್ರಿದ್ವಿ.’ ಮನೆ ತುಂಬ ಜನ. ಎಲ್ಲರಿಗೂ ಕಪ್ಪು ಕಾಣುತ್ತಿತ್ತು. ಕೆಲವರು ತಲೆಯಾಡಿಸಿದರು. ಹಗಲ ಬೆಳಕಿನಲ್ಲಿ ನಾನೂ ನೋಡಿದೆ, ಒಂದು ಕ್ಷಣ, ದಡಿಯ ಹತ್ತಿರ, ಏನೋ ನೀಲಿ ಹೊಳೆದಂತಾಯಿತು. ರೂಪಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು, ಅದು ನಗುವ ಜಾಗವಲ್ಲ.

‘ನಮ್ಮ ಸಣ್ಣ ಮಗಳ ಬಸ್ತಾ ಬಂತು’ ಎಂದಳು ಬೀಗತಿ. ‘ಆ ಮಷೀನ್ ಮುಂದ ಯಾರರೆ ಒಬ್ಬರು ಕುಂದ್ರಬೇಕಲ್ಲ?’

ಎಲ್ಲರೂ ಮಲ್ಲುವನ್ನು ನೋಡಿದರು. ಮಲ್ಲು ಬಾಗಿಲ ಬಳಿ ಕೂತಿದ್ದ ತಂಗಿಯನ್ನು ನೋಡಿದ. ಸವಿತಾ ಎದ್ದು ಗೂಡಿನ ಬಳಿ ಹೋದಳು. ಖಣದ ತುಂಡು ಸರಿಸಿ ಟ್ಯಾಬನ್ನು ಎತ್ತಿಕೊಂಡಳು. ಮೊದಲು ತಿರುವಿ ಬೆನ್ನು ನೋಡಿದಳು.

‘ನಾ ಕುಂದರತೀನ್ರಿ ಅತ್ತಿ’ ಎಂದಳು ಬೀಗತಿಗೆ. ‘ನಿಮ್ಮ ಹುಡುಗೀನ್ನ ನನ್ನ ಎದರಿಗೆ ಬರೂಹಂಗ ಕುಂದ್ರಸ್ರಿ. ಸೀರಿ ಒಂದೀಟ ಬಾಜೂಕ ಇದ್ರೂ ನಡೀತೈತಿ.’